ಬೆಟ್ಟದ ಬಗ್ಗೆ ಕೇಳಿ: ಈ ಸಲ ಮುಳ್ಳಯ್ಯನಗಿರಿ

ಕಳೆದ ಸಂಚಿಕೆಯಲ್ಲಿ ಮುಳ್ಳಯ್ಯನಗಿರಿ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಬಂದ ಪತ್ರಗಳಲ್ಲಿ ತುಂಬಾ ಜನ ಕೇಳಿದ್ದು ರೀಲ್ಸ್ ಮಾಡೋಕೆ ಒಳ್ಳೆ ಜಾಗ ಎಲ್ಲಿ ಅಂತ. ಅವನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ, ಬೇಸರ ಬೇಡ. ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮುಳ್ಳಯ್ಯನಗಿರಿಯ ಎತ್ತರ ಕೆಲವು ಕಡೆ 1,925 ಮೀಟರ್, ಕೆಲವು ಕಡೆ 1,930 ಮೀಟರ್ ಅಂತಿದೆ. ಯಾವುದು ಸರಿ? ನಮ್ಮ ಅಪ್ಪ ಅಂತೂ ಕುದುರೆಮುಖವೇ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ ಅಂತ ವಾದ ಮಾಡ್ತಾರೆ. (ಮಂಡ್ಯದ ಓದುಗರು)

ಹಳೆಯ ಮೈಸೂರು ಗೆಜೆಟಿಯರ್ ತೆರೆದರೆ 6,317 ಅಡಿ ಅಂತ ಸಿಗುತ್ತದೆ. ಅದನ್ನು ಮೀಟರಿಗೆ ತಿರುಗಿಸಿದರೆ 1,925 ಚಿಲ್ಲರೆ. 1,930 ಅನ್ನೋದು ಈಗ ಜಾಸ್ತಿ ಓಡಾಡುವ ಅಂಕಿ. ಯಾವುದನ್ನು ಹಿಡಿದರೂ ರಾಜ್ಯದ ಮೊದಲ ಸ್ಥಾನ ಮುಳ್ಳಯ್ಯನಗಿರಿಗೇ. ನೀಲಗಿರಿ, ವಯನಾಡು ಸೀಮೆ ದಾಟಿ ಉತ್ತರಕ್ಕೆ ಹೊರಟರೆ ಹಿಮಾಲಯದ ತನಕ ಇಷ್ಟು ಎತ್ತರದ ಇನ್ನೊಂದು ಶಿಖರ ಎದುರಾಗುವುದಿಲ್ಲ. ರಾಜಸ್ಥಾನದ ಗುರುಶಿಖರ 1,722 ಮೀಟರ್, ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್.

ನಿಜವಾದ ಜಗಳ ಇರೋದು ಎರಡನೇ ಸ್ಥಾನಕ್ಕೆ. ಅದೇ ಗೆಜೆಟಿಯರ್ ಪ್ರಕಾರ ಕುದುರೆಮುಖ 6,215 ಅಡಿ, ಬಾಬಾಬುಡನ್‌ಗಿರಿ 6,214 ಅಡಿ. ಒಂದೇ ಒಂದು ಅಡಿ! ಈಗಿನ ಪಟ್ಟಿಗಳಲ್ಲಿ ಇದು ತಿರುಗಿ ಬಾಬಾಬುಡನ್‌ಗಿರಿ ಕೂದಲೆಳೆಯಷ್ಟು ಮೇಲೆ ಬಂದಿದೆ. ಇನ್ನು ನಿಮ್ಮ ಅಪ್ಪನ ವಾದಕ್ಕೂ ಕಾರಣ ಇಲ್ಲದೆ ಇಲ್ಲ. ಕುದುರೆಮುಖ ಕರಾವಳಿ ಕಡೆಯಿಂದ ನೋಡಿದರೆ ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ಗೋಡೆಯಂತೆ ಎದ್ದು ನಿಲ್ಲುತ್ತದೆ. ಮುಳ್ಳಯ್ಯನಗಿರಿ ಎದ್ದಿರೋದು ಪ್ರಸ್ಥಭೂಮಿಯ ಮೇಲೆ. ಕೆಳಗಿರುವ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ, ಹಾಗಾಗಿ ಪೇಟೆಯಲ್ಲಿ ನಿಂತು ನೋಡಿದವರಿಗೆ ಬೆಟ್ಟದ ಅರ್ಧ ಎತ್ತರ ಲೆಕ್ಕಕ್ಕೇ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ವಾಣಿವಿಲಾಸ ಸಾಗರಕ್ಕೆ ಮುಳ್ಳಯ್ಯನಗಿರಿ ಕಡೆಯ ನೀರು ಬರುತ್ತದೆ ಅಂತ ಹಿರಿಯರು ಹೇಳ್ತಾರೆ. ನಡುವೆ ಅಷ್ಟು ದೂರ ಬಯಲುಸೀಮೆ ಇದೆಯಲ್ಲ, ಇದು ನಿಜವಾ? (ಹಿರಿಯೂರಿನ ಓದುಗರು)

ನಿಜ. ಈ ಪ್ರಶ್ನೆ ಬಂದಿದ್ದಕ್ಕೆ ನನಗೆ ಖುಷಿಯಾಯಿತು, ಯಾಕೆಂದರೆ ಮುಳ್ಳಯ್ಯನಗಿರಿ ಅಂದ ತಕ್ಷಣ ಎಲ್ಲರೂ ಎತ್ತರ, ಮಂಜು, ಫೋಟೋ ಅಂತಾರೆ, ಈ ಬೆಟ್ಟ ಎಷ್ಟು ಊರಿಗೆ ನೀರು ಹಂಚುತ್ತದೆ ಅಂತ ಯಾರೂ ಕೇಳೋದಿಲ್ಲ. ನನ್ನನ್ನು ಕೇಳಿದರೆ ಇದರ ದೊಡ್ಡತನ ಇರೋದು ಅಲ್ಲೇ.

ಮೊದಲು ಬೆಟ್ಟದ ಆಕಾರ ತಿಳಿದುಕೊಳ್ಳಿ. ಮುಳ್ಳಯ್ಯನಗಿರಿ ಒಂಟಿ ಬೆಟ್ಟ ಅಲ್ಲ. ಚಂದ್ರದ್ರೋಣ ಅಥವಾ ಬಾಬಾಬುಡನ್ ಸಾಲು ಅಂತ ಕರೆಯುವ, ಲಾಳದಾಕಾರದಲ್ಲಿ ಬಾಗಿರುವ ಒಂದು ದೊಡ್ಡ ಶ್ರೇಣಿಯ ತುದಿಯಿದು. ಲಾಳದ ಬಾಯಿ ವಾಯವ್ಯಕ್ಕೆ ತೆರೆದಿದೆ. ಒಳಗೆ ಸುತ್ತಲೂ ಬೆಟ್ಟ ಕಟ್ಟಿಕೊಂಡ ಜಾಗರ ಕಣಿವೆ. ಇಡೀ ಸಾಲು ಪಶ್ಚಿಮಘಟ್ಟದ ಮುಖ್ಯ ಏಣಿನಿಂದ, ಅಂದರೆ ಬೆಟ್ಟದ ಬೆನ್ನಿನಿಂದ, ಸ್ವಲ್ಪ ಪೂರ್ವಕ್ಕೆ ಸರಿದು ನಿಂತಿದೆ. ಅದಕ್ಕೇ ಇಲ್ಲಿ ಬಿದ್ದ ಮಳೆಯ ಒಂದು ಹನಿಯೂ ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ. ಎಲ್ಲವೂ ಬಂಗಾಳಕೊಲ್ಲಿಗೆ. ಆದರೆ ಹೋಗುವ ದಾರಿ ಮಾತ್ರ ಬೇರೆ ಬೇರೆ.

ಲಾಳದ ಒಳಗೆ ಬಿದ್ದ ನೀರು ಜಾಗರ ಕಣಿವೆಗಿಳಿದು ಭದ್ರಾ ನದಿ ಸೇರುತ್ತದೆ. ದಕ್ಷಿಣದ ಇಳಿಜಾರಿನ ಕಡೆ ಯಗಚಿ ಹುಟ್ಟುತ್ತದೆ, ಅದು ಬೇಲೂರು ದಾಟಿ ಗೊರೂರಿನ ಹತ್ತಿರ ಹೇಮಾವತಿ ಸೇರಿ, ಹೇಮಾವತಿ ಕಾವೇರಿ ಸೇರುತ್ತದೆ. ಅಂದರೆ ಮೇಲಿನ ಪತ್ರ ಬರೆದ ಮಂಡ್ಯದವರ ಗದ್ದೆಗೂ ಈ ಬೆಟ್ಟದ ಪಾಲಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ! ಪೂರ್ವದ ಕಡೆ ವೇದಾ ಮತ್ತು ಅವತಿ ಅನ್ನುವ ಎರಡು ಹೊಳೆಗಳು. ವೇದಾ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸುತ್ತದೆ, ಅವತಿ ಮದಗದಕೆರೆ ತುಂಬಿಸುತ್ತದೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಆ ವೇದಾವತಿಗೇ ನಿಮ್ಮ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿ ವಾಣಿವಿಲಾಸ ಸಾಗರ ಮಾಡಿರುವುದು. 1907ರಲ್ಲಿ ಕೆಲಸ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ವರ್ಷ ಹಿರಿಯೂರಿನಲ್ಲಿ ಜಾತ್ರೆಯಂತೆ ಜನ ಸೇರಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಮಾತು ಸೇರಿಸಬೇಕು. ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನು ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವಾಣಿವಿಲಾಸ ಸಾಗರಕ್ಕೂ ಬಿಡುತ್ತಿದ್ದಾರೆ. ಹಾಗಾಗಿ ಈಗ ಬೆಟ್ಟದ ಹೊರಮೈಗೆ ಬಿದ್ದ ನೀರು ತಾನಾಗಿ ಹರಿದು ಬಂದರೆ, ಒಳಮೈಗೆ ಬಿದ್ದ ನೀರು ಪಂಪು ಹತ್ತಿ ಬರುತ್ತದೆ. ಬಿಟ್ಟಿದ್ದರೂ ಎರಡೂ ಒಂದು ದಿನ ಸೇರುತ್ತಿದ್ದವು ಅನ್ನಿ, ಯಾಕೆಂದರೆ ಭದ್ರಾ ಕೂಡಲಿಯಲ್ಲಿ ತುಂಗೆಯ ಜೊತೆಯಾಗಿ ತುಂಗಭದ್ರಾ ಆಗುತ್ತದೆ, ವೇದಾವತಿಯೂ ಹಗರಿ ಅನ್ನಿಸಿಕೊಂಡು ಸುತ್ತಿ ಸುತ್ತಿ ಬಳ್ಳಾರಿ ಸೀಮೆಯಲ್ಲಿ ಅದೇ ತುಂಗಭದ್ರೆಗೆ ಹೋಗಿ ಬೀಳುತ್ತದೆ.

ಅಷ್ಟು ನೀರು ಬೇಸಿಗೆವರೆಗೂ ಜಿನುಗೋದು ಹೇಗೆ ಅಂದರೆ, ಅದಕ್ಕೆ ಶೋಲಾ ಮತ್ತು ಹುಲ್ಲುಗಾವಲು ಕಾರಣ. ತುದಿಯಲ್ಲೆಲ್ಲ ಹುಲ್ಲು, ಗುಡ್ಡದ ಮಡಿಕೆಗಳಲ್ಲಿ ಕುಳ್ಳ ಮರಗಳ ದಟ್ಟ ಕಾಡು, ಅದೇ ಶೋಲಾ. ಹುಲ್ಲು ಮಳೆಯ ಹೊಡೆತ ತಡೆಯುತ್ತದೆ, ನೀರು ನಿಧಾನ ಇಳಿದು ಮಡಿಕೆಯ ಕಾಡಿನಲ್ಲಿ ನಿಂತು ಒಸರುತ್ತದೆ. ಹುಲ್ಲು ಇರೋ ಜಾಗ ಸುಮ್ನೆ ಖಾಲಿ ಬಿದ್ದಿದೆ, ಗಿಡ ನೆಟ್ಟರೆ ಏನಾಗುತ್ತೆ ಅಂತ ಕೆಲವರು ಬರೆದಿದ್ದಾರೆ. ದಯವಿಟ್ಟು ಬೇಡ. ಅದು ಖಾಲಿ ಜಾಗ ಅಲ್ಲ.

ಪ್ರಶ್ನೆ: ಬೆಟ್ಟದ ಮೇಲಿನ ಕಲ್ಲು ಪಟ್ಟೆ ಪಟ್ಟೆಯಾಗಿದೆ, ಕೆಂಪು, ಕಪ್ಪು. ಕೈಗೆತ್ತಿಕೊಂಡರೆ ತುಂಬಾ ಭಾರ. ಇದು ಏನು? (ದಾವಣಗೆರೆಯ ವಿದ್ಯಾರ್ಥಿ)

ಕಬ್ಬಿಣ. ಸರಿಯಾಗಿ ಹೇಳುವುದಾದರೆ ಕಬ್ಬಿಣದ ಅದಿರು ಮತ್ತು ಸಿಲಿಕಾ ಒಂದರ ಮೇಲೊಂದು ಕೂತಿರುವ ಪಟ್ಟೆಶಿಲೆ. ಸುಮಾರು 250 ಕೋಟಿ ವರ್ಷಕ್ಕಿಂತಲೂ ಹಿಂದೆ, ಗಾಳಿಯಲ್ಲಿ ಆಮ್ಲಜನಕವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದ ಕಾಲದಲ್ಲಿ, ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಆದ ಕಲ್ಲಿದು. ಅಂದರೆ ರಾಜ್ಯದ ಅತಿ ಎತ್ತರದ ಜಾಗ ಒಂದು ಕಾಲದ ಸಮುದ್ರದ ತಳ. ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಶಿಲಾಪದರಕ್ಕೆ ಮುಳ್ಳಯ್ಯನಗಿರಿಯ ಹೆಸರೇ ಇದೆ, ಕೆಳಗಿನ ಪದರಗಳನ್ನೂ ಸೇರಿಸಿ ಇಡೀ ಗುಂಪಿಗೆ ಬಾಬಾಬುಡನ್ ಹೆಸರು.

ಈ ಕಲ್ಲು ಬಲು ಗಟ್ಟಿ. ಸುತ್ತಲಿನ ಮೆದು ಕಲ್ಲು ಕೋಟಿಗಟ್ಟಲೆ ವರ್ಷದಲ್ಲಿ ಸವೆದು ಹೋಯಿತು, ಇದು ಸವೆಯಲಿಲ್ಲ. ಬೆಟ್ಟ ಇಷ್ಟು ಎತ್ತರ ಉಳಿದದ್ದಕ್ಕೂ ಅಂಚು ಅಷ್ಟು ಚೂಪಾಗಿರುವುದಕ್ಕೂ ಅದೇ ಕಾರಣ. ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಕೂಡ ಇರುವುದರಿಂದ ದಿಕ್ಸೂಚಿಯನ್ನು ಬಂಡೆಯ ಹತ್ತಿರ ಹಿಡಿದರೆ ಮುಳ್ಳು ದಾರಿ ತಪ್ಪಬಹುದು, ಮಂಜಿನಲ್ಲಿ ಅದನ್ನೇ ನಂಬಿ ನಡೆಯಬೇಡಿ.

ಇದೇ ಸಾಲಿನ ಉತ್ತರದ ತುದಿ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಧಾಮ ಅಂತ ಎಲ್ಲರಿಗೂ ಗೊತ್ತು. ಆದರೆ 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದ ಅನ್ನೋದು ಈಗಿನ ಪ್ರವಾಸಿಗರಿಗೆ ಅಷ್ಟಾಗಿ ಗೊತ್ತಿಲ್ಲ. ಅದಿರಿನ ತೊಟ್ಟಿಲುಗಳು ಹಗ್ಗದ ದಾರಿಯಲ್ಲಿ ತೂಗಾಡುತ್ತಾ ಕೆಳಗಿಳಿಯುತ್ತಿದ್ದವು. ಈಗ ಆ ಗಣಿಗಾರಿಕೆ ನಿಂತಿದೆ. ಹೂದೋಟ ನೋಡಿ ಬರುವವರು ಅಗೆದ ಗುಡ್ಡದ ಮೈಯನ್ನೂ ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಸರ್ಪದಾರಿಯಲ್ಲಿ ಹತ್ತಬೇಕು ಅಂತ ಆಸೆ. ಮೊದಲ ಸಲ ಚಾರಣ. ಜೊತೆಗೆ ಅಮ್ಮನೂ ಬರ್ತೀನಿ ಅಂತಾರೆ, ಅವರಿಗೆ ಮಂಡಿ ನೋವು. ಏನು ಮಾಡೋದು? (ಬೆಂಗಳೂರಿನ ಓದುಗರು)

ನೀವು ಸರ್ಪದಾರಿ ಹತ್ತಿ. ಅಮ್ಮನನ್ನು ಗಾಡಿಯಲ್ಲಿ ಕಳಿಸಿ. ಇಬ್ಬರೂ ಮೇಲೆ ಸಿಗಬಹುದು.

ಚಿಕ್ಕಮಗಳೂರಿನಿಂದ ಕೈಮರ ಚೆಕ್‌ಪೋಸ್ಟ್ ದಾಟಿ ಘಾಟಿ ರಸ್ತೆ ಹತ್ತುವಾಗ ಸರ್ಪದಾರಿ ಶುರುವಾಗುವ ಜಾಗ ಸಿಗುತ್ತದೆ. ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಲ್ಲಿಂದ ತುದಿಗೆ ಮೂರು ನಾಲ್ಕು ಕಿಲೋಮೀಟರ್. ಆರಾಮಾಗಿ ಹತ್ತಿದರೆ ಎರಡು ಗಂಟೆ, ಮೊದಲ ಸಲದವರು ಇನ್ನೂ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ದಾರಿ ಹುಲ್ಲಿನ ಏಣಿನ ಮೇಲೇ ಅಂಕುಡೊಂಕಾಗಿ ಹೋಗುತ್ತದೆ, ತಪ್ಪಿಹೋಗುವ ಭಯ ಕಡಿಮೆ. ಆದರೆ ನೆರಳಿಲ್ಲ. ನೀರೂ ಇಲ್ಲ. ಇದನ್ನು ಜನ ಹಗುರವಾಗಿ ತಗೊಂಡು ಹತ್ತು ಗಂಟೆಗೆ ಅರ್ಧ ಲೀಟರ್ ಬಾಟಲಿ ಹಿಡಿದು ಹೊರಡುತ್ತಾರೆ, ನಡುದಾರಿಯಲ್ಲಿ ಕೂತು ಬಿಡುತ್ತಾರೆ. ಬೆಳಗ್ಗೆ ಬೇಗ ಹೊರಡಿ, ತಲೆಗೊಂದು ಟೋಪಿ ಇರಲಿ, ಒಬ್ಬೊಬ್ಬರೂ ಎರಡು ಲೀಟರ್ ನೀರು ಹೊರಿ. ಇನ್ನೊಂದು ವಿಷಯ, ಈ ದಾರಿಯಲ್ಲಿ ತುದಿ ಬಂತು ಅನ್ನಿಸಿ ಹತ್ತಿದರೆ ಹಿಂದೆ ಇನ್ನೊಂದು ಗುಡ್ಡ ಎದ್ದು ನಿಂತಿರುತ್ತದೆ. ಅದು ಒಂದೆರಡು ಸಲ ಆಗುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ.

ಅಮ್ಮನ ಗಾಡಿ ಸೀತಾಳಯ್ಯನಗಿರಿ ಮೇಲಿಂದ ಹಾದು ತುದಿಯ ಹತ್ತಿರದವರೆಗೂ ಹೋಗುತ್ತದೆ. ಆ ಕೊನೆಯ ರಸ್ತೆ ಕಿರಿದು, ಎದುರು ಗಾಡಿ ಬಂದರೆ ಹಿಂದೆ ಸರಿಯಬೇಕಾಗುತ್ತದೆ, ದೊಡ್ಡ ಬಸ್ಸಿಗೆ ಅಲ್ಲಿ ದಾರಿಯಿಲ್ಲ. ಗಾಡಿ ನಿಂತ ಮೇಲೆ ದೇವಸ್ಥಾನಕ್ಕೆ ನೂರಾರು ಮೆಟ್ಟಿಲು ಹತ್ತಬೇಕು. ಮಂಡಿ ನೋವಿರುವವರಿಗೆ ಅದೂ ಜಾಸ್ತಿ ಅನ್ನಿಸಿದರೆ ಸೀತಾಳಯ್ಯನಗಿರಿಯಲ್ಲೇ ಕೂತಿರಲಿ. ನೋಟ ಅಲ್ಲೂ ಚೆನ್ನಾಗಿದೆ, ಗಾಳಿಯೂ ಸ್ವಲ್ಪ ಕಡಿಮೆ.

ಕಾಲ ಯಾವುದು ಅಂತಲೂ ಕೇಳಿದ್ದೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಜಾರಿಕೆ, ಇಂಬಳ (ಜಿಗಣೆ). ಗುಡ್ಡ ಜರಿದು ರಸ್ತೆ ಮುಚ್ಚುವುದೂ ಉಂಟು. ಸೆಪ್ಟೆಂಬರ್ ಕೊನೆಯಿಂದ ಹುಲ್ಲು ಹಸಿರಾಗಿರುವಾಗ ಹೋಗಿ. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಆಗ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನೇ ಸುಡಬಹುದು. ಸೇದುವವರು ಕೆಳಗೇ ಸೇದಿ ಬನ್ನಿ.

ಪ್ರಶ್ನೆ: ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿ, ಅಲ್ಲಿಂದ ಕೆಮ್ಮಣ್ಣುಗುಂಡಿಗೆ ನಡೆದೇ ಹೋಗಬಹುದಾ? (ಬೆಳಗಾವಿಯ ಚಾರಣಿಗರ ತಂಡ)

ಲಾಳದ ಅಂಚು ಹಿಡಿದು ನಡೆಯುವ ದಾರಿ ಇದೆ, ಹಿಂದಿನಿಂದಲೂ ಜನ ನಡೆದಿದ್ದಾರೆ. ಒಂದೇ ದಿನಕ್ಕೆ ಮುಗಿಯುವ ದಾರಿ ಅಲ್ಲ, ಬಾಬಾಬುಡನ್‌ಗಿರಿ ಮುಟ್ಟುವ ಹೊತ್ತಿಗೇ ಒಂದು ದಿನ ಆಗಿರುತ್ತದೆ. ಎಡಕ್ಕೆ ಕಾಣುವ ಜಾಗರ ಕಣಿವೆ ಭದ್ರಾ ಹುಲಿ ಮೀಸಲು ಅರಣ್ಯದ ಸೀಮೆ, 1998ರಿಂದ ಹುಲಿ ಯೋಜನೆಯಲ್ಲಿದೆ. ಕಾಡಾನೆಯೂ ಇದೆ. ಹಾಗಾಗಿ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಅನುಮತಿ ಸಿಕ್ಕರೆ ಮಾತ್ರ, ಊರಿನ ದಾರಿ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು ಹೊರಡಿ. ಮೊಬೈಲ್ ನಕ್ಷೆ ನಂಬಿ ಅಂಚಿನಿಂದ ಕಣಿವೆಗೆ ಇಳಿಯೋ ಸಾಹಸ ಬೇಡ. ತುದಿಯಲ್ಲಿ ಗುಡಾರ ಹಾಕಿ ಮಲಗುವ ಯೋಚನೆಯನ್ನೂ ಬಿಡಿ.

ಪ್ರಶ್ನೆ: ಬಾಬಾ ಬುಡನ್ ಏಳು ಕಾಫಿ ಬೀಜ ಕದ್ದು ತಂದದ್ದು ಕಥೆಯಾ, ಇತಿಹಾಸವಾ? (ಶಿವಮೊಗ್ಗದ ಓದುಗರು)

ಎರಡೂ ಬೆರೆತಿದೆ. ಸೂಫಿ ಸಂತ ಬಾಬಾ ಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು, 1670ರ ಹೊತ್ತಿಗೆ ಬಾಬಾಬುಡನ್‌ಗಿರಿಯಲ್ಲಿ ಬಿತ್ತಿದರು ಅನ್ನೋದು ಎಲ್ಲರೂ ಹೇಳಿಕೊಂಡು ಬಂದ ಮಾತು. ಕದ್ದು ಯಾಕೆ ಅಂದರೆ, ಆಗ ಕಾಫಿ ವ್ಯಾಪಾರ ಪೂರ್ತಿ ಅರಬರ ಕೈಯಲ್ಲಿತ್ತು. ಬೇಯಿಸಿದ ಅಥವಾ ಹುರಿದ ಬೀಜವನ್ನಷ್ಟೇ ಹೊರಗೆ ಬಿಡುತ್ತಿದ್ದರು, ಬೇರೆಯವರು ಬಿತ್ತಿ ಬೆಳೆಯಬಾರದಲ್ಲ. ಏಳು ಅನ್ನುವ ಲೆಕ್ಕಕ್ಕೆ ರಸೀದಿ ಕೇಳಿದರೆ ಯಾರ ಹತ್ತಿರವೂ ಇಲ್ಲ. ಆದರೆ ಕಾಲದ ಲೆಕ್ಕ ಹೊಂದುತ್ತದೆ. ಡಚ್ಚರು 1696ರಲ್ಲಿ, ಮತ್ತೆ 1699ರಲ್ಲಿ ಜಾವಾ ದ್ವೀಪಕ್ಕೆ ಕಾಫಿ ಗಿಡ ಒಯ್ದದ್ದು ನಮ್ಮ ಮಲಬಾರಿನಿಂದ. ಮೊದಲ ಸಲದ ಗಿಡಗಳು ಪ್ರವಾಹಕ್ಕೆ ಹೋದವು, ಎರಡನೇ ಸಲದವು ಬದುಕಿದವು. ಅಂದರೆ ಅದಕ್ಕೂ ಮೊದಲೇ ದಕ್ಷಿಣ ಭಾರತದಲ್ಲಿ ಕಾಫಿ ಗಿಡ ಇತ್ತು ಅಂತಾಯ್ತು.

ಅಲ್ಲಿಂದ ಸುಮಾರು ನೂರೈವತ್ತು ವರ್ಷ ಕಾಫಿ ಇಲ್ಲಿ ಹಿತ್ತಲ ಬೆಳೆಯಾಗಿಯೇ ಇತ್ತು. 1830ರ ಆಸುಪಾಸಿನಲ್ಲಿ ಕ್ಯಾನನ್ ಎಂಬ ಇಂಗ್ಲಿಷಿನವನು ಗಿರಿಯ ದಕ್ಷಿಣ ಮೈಯಲ್ಲಿ ಎಸ್ಟೇಟ್ ಮಾಡಿದ. ಆಮೇಲೆ ಕಾಡು ಕಡಿದು ತೋಟ ಎಬ್ಬಿಸುವ ಭರಾಟೆ. ಗಿರಿಗೆ ಹತ್ತುವ ರಸ್ತೆಯ ಎರಡೂ ಬದಿಯಲ್ಲಿ ನೀವು ಕಾಣುವ ತೋಟಗಳ ಕಥೆ ಅದೇ.

ಬಾಬಾಬುಡನ್‌ಗಿರಿಯ ಗುಹೆ ದತ್ತಾತ್ರೇಯರ ಪೀಠ ಅಂತಲೂ, ಬಾಬಾ ಬುಡನ್ ದರ್ಗಾ ಅಂತಲೂ ಎರಡೂ ಧರ್ಮದವರು ನಡೆದುಕೊಂಡು ಬಂದ ಜಾಗ. ಅದರ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಯಿತು. ಆ ಬಗ್ಗೆಯೂ ಕೆಲವರು ಖಾರವಾಗಿ ಬರೆದಿದ್ದಾರೆ, ಈ ಅಂಕಣದಲ್ಲಿ ಅದಕ್ಕೆ ನಾನು ಕೈ ಹಾಕುವುದಿಲ್ಲ.

ಪ್ರಶ್ನೆ: ಮುಳ್ಳಯ್ಯ ಯಾರು? ದೇವರಾ, ಮನುಷ್ಯನಾ? (ಹಾಸನದ ಓದುಗರು)

ಮುಳ್ಳಪ್ಪ ಸ್ವಾಮಿ ಅನ್ನುವ ತಪಸ್ವಿ. ಬೆಟ್ಟದ ತುದಿಯ ಸಣ್ಣ ದೇವಸ್ಥಾನದಲ್ಲಿರುವುದು ಅವರ ಗದ್ದುಗೆ. ತುದಿಗಿಂತ ಸ್ವಲ್ಪ ಕೆಳಗಿನ ಗುಹೆಗಳಲ್ಲಿ ತಪಸ್ಸು ಮಾಡಿದರು ಅನ್ನುತ್ತಾರೆ. ಸೀತಾಳಯ್ಯನನ್ನೂ ಹಾಗೆಯೇ ನೆನೆಯುತ್ತಾರೆ. ಸೀತಾಳಯ್ಯನಗಿರಿಯ ಸೀತಾಳ ಮಲ್ಲಿಕಾರ್ಜುನನ ಗುಡಿಯಲ್ಲಿ ಲಿಂಗದ ಸುತ್ತ ಸದಾ ನೀರು ನಿಂತಿರುತ್ತದೆ. ಭಕ್ತರಿಗೆ ಅದು ಮಹಿಮೆ. ಮೇಲೆ ಹೇಳಿದೆನಲ್ಲ ಒಸರುವ ನೀರಿನ ವಿಷಯ, ಅದನ್ನು ಓದಿದವರು ತಮ್ಮ ಪಾಡಿಗೆ ಯೋಚಿಸಿಕೊಳ್ಳಬಹುದು. ನನಗಂತೂ ಎರಡಕ್ಕೂ ಜಗಳ ಕಾಣುವುದಿಲ್ಲ.

ಪ್ರಶ್ನೆ: ನೀಲಕುರಿಂಜಿ ಮತ್ತೆ ಯಾವಾಗ? (ತುಮಕೂರಿನ ಓದುಗರು)

ಈ ಗಿರಿಸಾಲಿನಲ್ಲಿ 2022ರಲ್ಲಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಲೆಕ್ಕ ಹಾಕಿದರೆ 2034. ಕುರಿಂಜಿಯ ಬಳಗದ (ಗುರಿಗೆ ಅಂತಾರೆ) ಬೇರೆ ಗಿಡಗಳೂ ಇಲ್ಲಿವೆ, ಅವುಗಳ ಲೆಕ್ಕ ಬೇರೆ, ಹಾಗಾಗಿ ನಡುವಿನ ವರ್ಷಗಳಲ್ಲಿ ಎಲ್ಲೋ ಒಂದು ಕಡೆ ನೀಲಿ ಕಂಡು "ಕುರಿಂಜಿ ಬಂತು" ಅಂತ ಸುದ್ದಿ ಹಬ್ಬುವುದುಂಟು. 2034ರಲ್ಲಿ ಹೋದಾಗ ಒಂದು ಉಪಕಾರ ಮಾಡಿ, ಹೂವಿನ ನಡುವೆ ಮಲಗಿ ಫೋಟೋ ತೆಗೆಸಿಕೊಳ್ಳಬೇಡಿ. ಆ ಗಿಡ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಬೀಜ ಆಗುವ ಮೊದಲೇ ತುಳಿದರೆ ಮುಂದಿನ ಸಲಕ್ಕೆ ಏನು ಉಳಿಯುತ್ತದೆ ಹೇಳಿ?

ಪ್ರಶ್ನೆ: ಈಗ ಗಾಡಿಗೆ ಮೊದಲೇ ಬುಕಿಂಗ್ ಮಾಡಬೇಕಂತೆ, ಹೌದಾ? (ಮೈಸೂರಿನ ಓದುಗರು)

ಹೌದು. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದಿದೆ. ಬೆಳಗ್ಗೆಯ ಸರದಿ, ಮಧ್ಯಾಹ್ನದ ಸರದಿ ಅಂತ ಎರಡು ಭಾಗ, ಪ್ರತಿ ಸರದಿಗೂ ಇಂತಿಷ್ಟೇ ಗಾಡಿ. ನಿಯಮ ಆಗಾಗ ತಿದ್ದುತ್ತಾರೆ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ವಾರಾಂತ್ಯದಲ್ಲಿ ಕೈಮರದಿಂದ ಮೇಲಿನವರೆಗೆ ಗಾಡಿಗಳು ಸಾಲುಗಟ್ಟಿ ನಿಂತಿದ್ದನ್ನು ಕಂಡವರಾರೂ ಈ ನಿಯಮಕ್ಕೆ ಗೊಣಗುವುದಿಲ್ಲ. ಆದರೆ ಮಂಗಳವಾರವೋ ಬುಧವಾರವೋ ಹೋದರೆ ಈ ತಲೆನೋವೇ ಇರುವುದಿಲ್ಲ, ಅಲ್ವಾ?

ಪ್ರಶ್ನೆ: ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುತ್ತಾರಲ್ಲ, ಅದೂ ಮುಳ್ಳಯ್ಯನಗಿರಿಯಾ? ನಾವೂ ಹತ್ತಬಹುದಾ? (ಅರಸೀಕೆರೆಯ ಓದುಗರು)

ಅದೇ ಸಾಲು, ಬೇರೆ ಬೆಟ್ಟ. ಮಲ್ಲೇನಹಳ್ಳಿಯ ಬಿಂಡಿಗ ದೇವೀರಮ್ಮ. ನರಕ ಚತುರ್ದಶಿಯ ಹೊತ್ತಿಗೆ ರಾತ್ರಿಯಿಡೀ ಸಾವಿರಾರು ಜನ ಬರಿಗಾಲಲ್ಲಿ ಹತ್ತುತ್ತಾರೆ. ಯಾರು ಬೇಕಾದರೂ ಹತ್ತಬಹುದು. ಆದರೆ ಸರ್ಪದಾರಿ ಹತ್ತಿದ ಧೈರ್ಯದಲ್ಲಿ ಹೋಗಬೇಡಿ, ದೇವೀರಮ್ಮನ ಬೆಟ್ಟ ಅದಕ್ಕಿಂತ ಕಡಿದು. ಮಣ್ಣು ಜಾರುತ್ತದೆ, ಹಿಂದಿನ ದಿನ ಮಳೆ ಬಂದಿದ್ದರಂತೂ ಕೇಳೋದೇ ಬೇಡ, ಮುಂದಿನವರ ಕಾಲು ನಿಮ್ಮ ತಲೆಯ ಮಟ್ಟದಲ್ಲಿರುತ್ತದೆ. ಕೈ ಎರಡೂ ಖಾಲಿ ಇರಲಿ, ಟಾರ್ಚನ್ನು ತಲೆಗೆ ಕಟ್ಟಿಕೊಳ್ಳಿ, ಸಣ್ಣ ಮಕ್ಕಳನ್ನು ಮನೆಯಲ್ಲೇ ಬಿಡಿ. ಇಳಿಯುವಾಗ ಅವಸರ ಮಾಡುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ.